ಔಷಧಿ ಚೀಟಿಯ ಮೇಲಿನ ಗಡುವು

ಎಂಡೊಮೆಟ್ರಿಯೋಸಿಸ್ ನೋವಿಗೆ ಹಾರ್ಮೋನ್ ತಡೆಯುವ ಔಷಧಿ ಬರೆದುಕೊಡುವ ವೈದ್ಯರು ಜೊತೆಗೊಂದು ಗಡುವನ್ನೂ ಹೇಳುತ್ತಾರೆ: ಆರು ತಿಂಗಳು, ಇಲ್ಲವೇ ಎರಡು ವರ್ಷ. ‘ಹೆಣ್ಣಾದ ಮೇಲೆ ಇದ್ದದ್ದೇ’ ಎಂಬ ಮಾತು ಕೇಳುತ್ತಲೇ ವರ್ಷಗಟ್ಟಲೆ ನರಳಿದವಳಿಗೆ ಕೊನೆಗೂ ನೋವು ತಗ್ಗಿರುವಾಗ ಔಷಧಿ ನಿಲ್ಲಿಸುವುದೇಕೆ? ಉತ್ತರ ಆ ಔಷಧಿಯ ಚರಿತ್ರೆಯಲ್ಲಿದೆ.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ, ಅಂಡಾಶಯ ಮತ್ತು ಕಿಬ್ಬೊಟ್ಟೆಯಲ್ಲಿ ಬೆಳೆಯುವುದೇ ಈ ಕಾಯಿಲೆ. 1920ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಇದನ್ನು ವಿವರವಾಗಿ ಅಧ್ಯಯನ ಮಾಡಿ, ಈಗಿನ ಹೆಸರನ್ನು ಬಳಕೆಗೆ ತಂದರು. ಈ ಅಂಗಾಂಶವನ್ನು ಪೋಷಿಸುವುದು ಈಸ್ಟ್ರೋಜನ್. ಅದನ್ನು ತಗ್ಗಿಸಲು 1970ರ ದಶಕದಲ್ಲಿ ಡ್ಯಾನಜಾಲ್ ಬಂತು. ನೋವು ಇಳಿಯಿತು, ಆದರೆ ಕೆಲವರಿಗೆ ಮುಖದ ಮೇಲೆ ಕೂದಲು ಬೆಳೆಯಿತು, ದನಿ ಗಡುಸಾಯಿತು.

1971ರಲ್ಲಿ ಆಂಡ್ರ್ಯೂ ಶಾಲಿ ಅವರ ತಂಡ ಹಂದಿಗಳ ಮಿದುಳಿನಿಂದ ತೆಗೆದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನಿನ ರಚನೆಯನ್ನು ಬಿಡಿಸಿತು. ಮಿದುಳಿನ ಹಾರ್ಮೋನುಗಳ ಸಂಶೋಧನೆಗಾಗಿ ಶಾಲಿ ಮತ್ತು ರೋಜರ್ ಗೀಮ್ಯಾ 1977ರ ನೊಬೆಲ್ ಹಂಚಿಕೊಂಡರು. ಈ ಹಾರ್ಮೋನು ಬಿಟ್ಟುಬಿಟ್ಟು ಒಸರಿದರೆ ಪಿಟ್ಯುಟರಿ ಗ್ರಂಥಿ ಕೆಲಸ ಮಾಡುತ್ತದೆ, ಎಡೆಬಿಡದೆ ಸುರಿದರೆ ಸುಮ್ಮನಾಗುತ್ತದೆ ಎಂಬುದನ್ನು ಅರ್ನ್‌ಸ್ಟ್ ನೋಬಿಲ್ ಅವರ ತಂಡ ಕೋತಿಗಳಲ್ಲಿ ಕಂಡಿತು. ಲ್ಯುಪ್ರೊಲೈಡ್ ಚುಚ್ಚುಮದ್ದು ಕೆಲಸ ಮಾಡುವುದು ಇದೇ ತತ್ವದ ಮೇಲೆ. ಮೊದಲ ವಾರಗಳಲ್ಲಿ ನೋವು ಹೆಚ್ಚಬಹುದು. ಆಮೇಲೆ ಈಸ್ಟ್ರೋಜನ್ ಮುಟ್ಟು ನಿಂತವರ ಮಟ್ಟಕ್ಕೆ ಇಳಿಯುತ್ತದೆ.

ಅದಕ್ಕೆ ಬೆಲೆ ತೆತ್ತದ್ದು ಮೂಳೆ. ಈಸ್ಟ್ರೋಜನ್ ಇಲ್ಲದೆ ಮೂಳೆ ಸವೆಯುತ್ತದೆ. ಆರು ತಿಂಗಳ ಮಿತಿ ಹುಟ್ಟಿದ್ದು ಹೀಗೆ. 1992ರಲ್ಲಿ ರಾಬರ್ಟ್ ಬಾರ್ಬಿಯೇರಿ ಒಂದು ನಡುದಾರಿ ಸೂಚಿಸಿದರು: ಕಾಯಿಲೆಯ ಅಂಗಾಂಶ ಸೊರಗುವಷ್ಟು ಕಡಿಮೆ, ಮೂಳೆ ಉಳಿಯುವಷ್ಟು ಹೆಚ್ಚು ಈಸ್ಟ್ರೋಜನ್. ತಡೆಯುವ ಔಷಧಿಯ ಜೊತೆಗೇ ತುಸು ಹಾರ್ಮೋನು ಮರಳಿ ಕೊಡುವ ಕ್ರಮದ ಹಿಂದಿರುವ ತರ್ಕ ಇದೇ.

2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಲಗೋಲಿಕ್ಸ್ ಮಾತ್ರೆಯ ಅಳತೆಯಲ್ಲೂ ಈ ಲೆಕ್ಕ ಕಾಣುತ್ತದೆ. ದಿನಕ್ಕೊಮ್ಮೆ 150 ಮಿಲಿಗ್ರಾಂ ಆದರೆ ಗರಿಷ್ಠ 24 ತಿಂಗಳು. ದಿನಕ್ಕೆರಡು ಬಾರಿ 200 ಮಿಲಿಗ್ರಾಂ ಆದರೆ ಆರೇ ತಿಂಗಳು. ಗರ್ಭಿಣಿಯರು, ಮೂಳೆಸವೆತ ಅಥವಾ ತೀವ್ರ ಯಕೃತ್ತಿನ ಕಾಯಿಲೆ ಇರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಇದು ಗರ್ಭನಿರೋಧಕವಲ್ಲ. ಮುಟ್ಟು ಕಡಿಮೆಯಾಗುವುದರಿಂದ ಗರ್ಭ ನಿಂತದ್ದು ತಡವಾಗಿ ತಿಳಿಯಬಹುದು. ಹಾಗಾಗಿ ಹಾರ್ಮೋನ್ ಇಲ್ಲದ ಗರ್ಭನಿರೋಧಕ ವಿಧಾನವೊಂದು ಬೇಕೇ ಬೇಕು. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಯೋಚನೆ ಬಂದರೆ ತಕ್ಷಣ ವೈದ್ಯರನ್ನು ಕಾಣಬೇಕು.

ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಇನ್ನೆರಡು ತಿಂಗಳ ಮಾತ್ರೆ ತರುವುದು ಸುಲಭ. ಆಗ ಆಗುವ ನಷ್ಟ ನೋವಿನಂತೆ ಕೂಗಿ ಹೇಳುವುದಿಲ್ಲ. ಮೂಳೆ ಮುರಿಯುವ ತನಕ ಗೊತ್ತೇ ಆಗದಿರಬಹುದು. ಆದರೆ ಔಷಧಿಗೆ ಗಡುವಿದ್ದ ಮಾತ್ರಕ್ಕೆ ನೋವಿಗೂ ಗಡುವಿದೆ ಎಂದಲ್ಲ. ನಿಲ್ಲಿಸಿದ ಮೇಲೆ ಅದು ಮರಳಬಹುದು. ಆದ್ದರಿಂದ ‘ಇದು ಮುಗಿದ ಮೇಲೆ ಮುಂದೇನು?’ ಎಂದು ವೈದ್ಯರನ್ನು ಮೊದಲ ದಿನವೇ ಕೇಳಬೇಕು.