ಓಲೆಗರಿಯ ಲೇಖನಿಯೂ ಹಿತ್ತಾಳೆಯ ಹೊಳಪೂ

ಕೇರಳೀಯರು ‘ನಾರಾಯಂ’ ಎನ್ನುವುದನ್ನೇ ನಾವು ಕಂಟ ಎನ್ನುತ್ತೇವೆ. ಓಲೆಗರಿಯ ಮೇಲೆ ಅಕ್ಷರ ಕೊರೆಯುವ ಈ ಕೈಕೆಲಸದ ಲೇಖನಿಯ ಮೊನೆ ಕಬ್ಬಿಣದ್ದು. ಕೆಲವಕ್ಕೆ ಹಿಡಿ ಹಿತ್ತಾಳೆಯದು. ತಿರುವನಂತಪುರದ ಗಣಪತಿ ಶಾಸ್ತ್ರಿಗಳು 1912ರಿಂದ ಪ್ರಕಟಿಸಿದ ಭಾಸನ ನಾಟಕಗಳು ಉಳಿದುಬಂದದ್ದು ಓಲೆಗರಿಗಳಲ್ಲಿಯೇ. ಓಲೆಗಳಿಗೆ ಗ್ರಂಥಾಲಯದ ಆಶ್ರಯ ದೊರೆಯಿತು. ಲೇಖನಿಗಳು ಬಹುಪಾಲು ನಮ್ಮಂಥವರ ಮನೆಯ ಪೆಟ್ಟಿಗೆಗಳಲ್ಲಿ ಉಳಿದವು.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಕೊಚ್ಚಿಯ ಉಪ್ಪುಗಾಳಿ, ತೇವ, ಕೈಬೆವರು, ಹೊಗೆಯಲ್ಲಿನ ಗಂಧಕ ಇವು ತಾಗಿ ಅದು ಕಂದುತ್ತದೆ. ಹುಣಿಸೆಹಣ್ಣಿನ ಆಮ್ಲ ಆ ಪದರವನ್ನು ಕರಗಿಸುತ್ತದೆ ನಿಜ. ಆದರೆ ಬಯಲಾದ ಲೋಹ ಮತ್ತೆ ಬೇಗನೆ ಮಬ್ಬಾಗುತ್ತದೆ. ಹಬ್ಬಹಬ್ಬಕ್ಕೂ ಬೂದಿ, ಇಟ್ಟಿಗೆಪುಡಿ ಹಾಕಿ ತಿಕ್ಕಿದರೆ ಹಿರಿಯರು ಕೆತ್ತಿಸಿದ ಹೆಸರೇ ಸವೆದುಹೋದೀತು.

ವಸ್ತುಸಂಗ್ರಹಾಲಯಗಳಲ್ಲಿ 1960ರ ದಶಕದಿಂದೀಚೆಗೆ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕದಿಂದ ತಾಮ್ರದ ಲೋಹಗಳನ್ನು ಕಾಯುತ್ತಾರೆ. ಅದು ತಜ್ಞರ ಕೆಲಸ, ಮನೆಯಲ್ಲಿ ಬೇಡ. ನಮಗೆ ಸಾಧ್ಯವಾದದ್ದು ಸರಳ: ಒಣ ಹತ್ತಿಬಟ್ಟೆಯಿಂದ ಒರೆಸಿ, ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತೆಳುವಾಗಿ ಸವರಿ, ಬರಿಗೈ ತಾಗದಂತೆ ಒಣಜಾಗದಲ್ಲಿ ಇಡುವುದು. ಹಳೆಯ ಕಂದುಬಣ್ಣ ಕೊಳೆಯಲ್ಲ, ವಯಸ್ಸು. ಹಿಡಿ ಮಿಂಚದಿದ್ದರೂ ಸರಿ, ಮೊಮ್ಮಕ್ಕಳಿಗೆ ಅದರ ಮೇಲಿನ ಹೆಸರು ಓದಲು ಬರಬೇಕು.