ಮಂಜು ಇಳಿಯದ ದಾರಿ

ನನ್ನ ಪಿಎಚ್‌.ಡಿ. ಪ್ರಬಂಧದ ಮೂರನೆಯ ಅಧ್ಯಾಯದ ಕರಡಿನಲ್ಲಿ ಒಂದು ಸಾಲಿತ್ತು: ‘ನೆಲಕ್ಕೆ ಬೀಳುವ ಮಳೆಯೆಲ್ಲ ಮೋಡದಲ್ಲಿ ಹಿಮವಾಗಿಯೇ ಹುಟ್ಟುತ್ತದೆ.’ ಬರೆದ ದಿನ ಬಹಳ ಬೀಗಿದ್ದೆ. ನನ್ನ ಮಾರ್ಗದರ್ಶಕರು ತೀರ್ಥಹಳ್ಳಿ ಕಡೆಯವರು. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, “ಆಗುಂಬೆ ಮಳೆ ಯಾವ ಹಿಮದಿಂದ ಬಂತು ಮಾರಾಯ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ಆ ಸಾಲೂ ನನ್ನದಲ್ಲ. ಅದು ನಾರ್ವೆಯ ಒಂದು ಗುಡ್ಡದಿಂದ ಬಂದದ್ದು.

ಮೊದಲ ಮಹಾಯುದ್ಧದ ಕಾಲದಲ್ಲಿ ನಾರ್ವೆಗೆ ಹೊರದೇಶಗಳ ಹವಾಮಾನದ ತಂತಿ ಸುದ್ದಿ ನಿಂತುಹೋಗಿತ್ತು, ಧಾನ್ಯದ ಕೊರತೆಯೂ ಇತ್ತು. 1917ರಲ್ಲಿ ಲೈಪ್‌ಜಿಗ್‌ನಿಂದ ಬರ್ಗೆನ್‌ಗೆ ಬಂದ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಮರುವರ್ಷದ ಬೇಸಿಗೆಯಲ್ಲಿ ರೈತರಿಗಾಗಿ ಮುನ್ಸೂಚನೆ ಕೊಡಲು ಶುರುಮಾಡಿದರು. ಕರಾವಳಿಯುದ್ದಕ್ಕೂ ಆಕಾಶ ನೋಡಿ ವರದಿ ಕಳಿಸುವ ಜನರನ್ನು ಹೊಂದಿಸಿಕೊಂಡರು. ಬಿಸಿಗಾಳಿ, ತಣ್ಣನೆಯ ಗಾಳಿ ಎದುರಾಗುವ ಗೆರೆಗೆ ‘ಫ್ರಂಟ್’ ಎಂಬ ಹೆಸರು ಬಂದದ್ದು ಈ ಗುಂಪಿನಿಂದ; ಯುದ್ಧದ ಪತ್ರಿಕಾ ಸುದ್ದಿಗಳ ಪದ ಅದು. ಈ ಗುಂಪಿಗೆ ಬಂದು ಸೇರಿದ ಸ್ವೀಡನ್ನಿನ ತರುಣ ಟೋರ್ ಬರ್ಜೆರೋನ್.

1922ರ ಫೆಬ್ರವರಿಯಲ್ಲಿ ಬರ್ಜೆರೋನ್ ಇಂದಿನ ಓಸ್ಲೋ ಪಕ್ಕದ ವೋಕ್ಸೆನೋಸೆನ್ ಗುಡ್ಡದ ಆರೋಗ್ಯಧಾಮದಲ್ಲಿದ್ದರು. ಗುಡ್ಡವನ್ನು ಆಗಾಗ ಕೆಳಮಟ್ಟದ ಮೋಡ ಮುಚ್ಚುತ್ತಿತ್ತು. ಫರ್ ಮರಗಳ ನಡುವಿನ ಕಿರುದಾರಿಯಲ್ಲಿ ಅಡ್ಡಾಡುವಾಗ ಅವರು ಒಂದು ವಿಚಿತ್ರ ಗಮನಿಸಿದರು. ಸೊನ್ನೆ ಡಿಗ್ರಿಗಿಂತ ಬೆಚ್ಚಗಿದ್ದ ದಿನ ಮಂಜು ದಾರಿಯ ನೆಲದವರೆಗೂ ಇಳಿಯುತ್ತಿತ್ತು. ಚಳಿ ಸೊನ್ನೆಗಿಂತ ಐದು–ಹತ್ತು ಡಿಗ್ರಿ ಕೆಳಗಿಳಿದ ದಿನ ಮರಗಳ ತುದಿಯಲ್ಲಿ ಮಂಜು ಇದ್ದರೂ ದಾರಿ ಮಾತ್ರ ಸ್ವಚ್ಛ.

(ಇಲ್ಲಿ ಕನ್ನಡ ನನ್ನನ್ನು ಕಾಡುತ್ತದೆ. ಮಡಿಕೇರಿಯಲ್ಲಿ ಮುಖಕ್ಕೆ ತಾಗುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಇಲ್ಲಿ ಹೇಳುತ್ತಿರುವುದು ಮಡಿಕೇರಿಯ ಮಂಜು.)

ಕಾರಣ ಹೀಗೆ. ಮೋಡದ ಹನಿಗಳು ಸೊನ್ನೆಯ ಕೆಳಗೂ ಕೂಡಲೇ ಗಟ್ಟಿಯಾಗುವುದಿಲ್ಲ. ಸುಮಾರು –40 ಡಿಗ್ರಿಯವರೆಗೂ ನೀರಾಗಿಯೇ ಇರಬಲ್ಲವು. ಆದರೆ ಹತ್ತಿರದಲ್ಲಿ ಮಂಜುಗಡ್ಡೆ ಇದ್ದರೆ ಹನಿಗಳಿಗೆ ಉಳಿಗಾಲವಿಲ್ಲ. –10 ಡಿಗ್ರಿಯಲ್ಲಿ ನೀರಿನ ಮೇಲಿನ ಆವಿಯ ಒತ್ತಡ ಮಂಜುಗಡ್ಡೆಯ ಮೇಲಿನದಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು. ಹಾಗಾಗಿ ಹನಿ ಆರುತ್ತಾ ಹೋಗುತ್ತದೆ, ಗಡ್ಡೆ ಬೆಳೆಯುತ್ತಾ ಹೋಗುತ್ತದೆ. ವೋಕ್ಸೆನೋಸೆನ್‌ನಲ್ಲಿ ಕೊಂಬೆಗಳ ಮೇಲೆ ಹೆಪ್ಪುಗಟ್ಟಿದ ಹಿಮ ದಾರಿಯ ಮಂಜನ್ನು ಕುಡಿದುಬಿಡುತ್ತಿತ್ತು. ಮೋಡದೊಳಗೂ ಇದೇ ನಡೆದರೆ? ಕೆಲವೇ ಹಿಮಕಣಗಳು ಅಸಂಖ್ಯ ಹನಿಗಳನ್ನು ನುಂಗಿ, ಭಾರವಾಗಿ, ಬೀಳುತ್ತವೆ.

ಇದನ್ನು ಒಂಟಿ ನಡಿಗೆಯಲ್ಲಿ ಹೊಳೆದ ಸತ್ಯವೆಂದು ಹೇಳುವ ಚಪಲ ನನಗೂ ಇತ್ತು. ಆದರೆ ಭೂಖಂಡಗಳು ಜರುಗುತ್ತವೆ ಎಂದ ಆಲ್ಫ್ರೆಡ್ ವೆಗೆನರ್ 1911ರ ಪುಸ್ತಕದಲ್ಲೇ ಹನಿ–ಹಿಮಗಳ ಈ ಜಗಳವನ್ನು ಸೂಚಿಸಿದ್ದರು. ಬರ್ಜೆರೋನ್ ಪೂರ್ಣ ವಾದ ಮಂಡಿಸಿದ್ದು 1933ರಲ್ಲಿ, ಲಿಸ್ಬನ್ನಿನಲ್ಲಿ. ನಡಿಗೆಗೂ ವಾದಕ್ಕೂ ನಡುವೆ ಹನ್ನೊಂದು ವರ್ಷ. ಆ ಹನ್ನೊಂದು ವರ್ಷಗಳ ಮೇಲೆಯೇ ನನ್ನ ಅಧ್ಯಾಯ ನಿಂತಿರುವುದು.

ಚಳಿದೇಶದ ಮುನ್ಸೂಚನೆಗಾರರಿಗೆ ಇದು ದೊಡ್ಡ ಬಲ. ಅಲ್ಲಿ ಮೋಡದಿಂದ ಹೊರಡುವುದು ಬಹುಪಾಲು ಹಿಮವೇ. ಅದು ನೆಲ ಮುಟ್ಟುವಾಗ ಏನಾಗಿರುತ್ತದೆ ಎಂಬುದೇ ಪ್ರಶ್ನೆ. ದಾರಿಯುದ್ದಕ್ಕೂ ಚಳಿಯಿದ್ದರೆ ಹಿಮ. ನಡುವೆ ಬೆಚ್ಚನೆಯ ಪದರ ಸಿಕ್ಕಿ ಕರಗಿ, ಕೆಳಗಿನ ದಪ್ಪ ಚಳಿಯಲ್ಲಿ ಮತ್ತೆ ಗಟ್ಟಿಯಾದರೆ ಹಿಮದ ಹರಳು. ಕೆಳಗಿನ ಚಳಿ ತೆಳ್ಳಗಿದ್ದರೆ ಹನಿ ನೀರಾಗಿಯೇ ಬಂದು ರಸ್ತೆ ಮುಟ್ಟಿದಾಕ್ಷಣ ಗಾಜಾಗುತ್ತದೆ. ಕೆಲವು ನೂರು ಮೀಟರ್ ದಪ್ಪದ ಗಾಳಿಯಲ್ಲಿ ಒಂದೆರಡು ಡಿಗ್ರಿ ಲೆಕ್ಕ ತಪ್ಪಿದರೂ ಸಾಕು, ವಿದ್ಯುತ್ ತಂತಿಗಳು ಹರಿದು ಬೀಳುತ್ತವೆ.

ಆದರೆ ಆಗುಂಬೆ? ಮುಂಗಾರಿನಲ್ಲಿ ನಮ್ಮ ತಲೆಯ ಮೇಲೆ ಸೊನ್ನೆ ಡಿಗ್ರಿಯ ಗಡಿ ಇರುವುದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಘಟ್ಟಕ್ಕೆ ಬಡಿಯುವ ಎಷ್ಟೋ ಮೋಡಗಳು ಅಷ್ಟು ಏರುವುದೇ ಇಲ್ಲ. ಅಲ್ಲಿ ದೊಡ್ಡ ಹನಿ ಸಣ್ಣ ಹನಿಗೆ ಡಿಕ್ಕಿ ಹೊಡೆದು, ಕೂಡಿಕೊಂಡೇ ಮಳೆಯಾಗುತ್ತದೆ, ಹಿಮ ಬೇಕಿಲ್ಲ. ಬರ್ಜೆರೋನ್ ಉಷ್ಣವಲಯಕ್ಕೆ ಒಂದಿಷ್ಟು ವಿನಾಯಿತಿ ಕೊಟ್ಟಿದ್ದರು ನಿಜ, ಅದು ಸಣ್ಣ ಅಪವಾದವೆಂದುಕೊಂಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ಉಷ್ಣವಲಯದ ಮೇಲೆ ಹಾರಿದ ಪೈಲಟ್‌ಗಳು ಬೆಚ್ಚನೆಯ ಮೋಡಗಳಿಂದಲೇ ಮಳೆ ಸುರಿಯುವುದನ್ನು ಕಂಡು ಹೇಳಿದ ಮೇಲೆ ಆ ಅಪವಾದ ದೊಡ್ಡದಾಯಿತು. ಅಲ್ಲಿ ಬದುಕುವ ಕೋಟ್ಯಂತರ ಜನ ಆ ಮಳೆಯಲ್ಲಿ ಮೊದಲಿನಿಂದಲೂ ನೆನೆಯುತ್ತಲೇ ಇದ್ದರು ಅನ್ನಿ.

ಇದು ಬರೀ ಹಳೆಯ ಪುಸ್ತಕದ ತಕರಾರಲ್ಲ. ಕರ್ನಾಟಕ ಸರ್ಕಾರ ಬರಗಾಲದಲ್ಲಿ 2003ರ ‘ವರುಣ’, 2017ರ ‘ವರ್ಷಧಾರಿ’ ಎಂದು ಮೋಡ ಬಿತ್ತನೆಗೆ ವಿಮಾನ ಹಾರಿಸಿತು. ಬಿತ್ತನೆಯಲ್ಲಿ ಬಳಸುವ ಸಿಲ್ವರ್ ಅಯೊಡೈಡ್ ಹಿಮದ ಹರಳನ್ನು ಹೋಲುವ ಕಣ. ಅದು ವೋಕ್ಸೆನೋಸೆನ್‌ನ ಕೊಂಬೆಯ ಕೆಲಸವನ್ನೇ ಮಾಡುತ್ತದೆ. ಆದರೆ ಸೊನ್ನೆಗಿಂತ ತಣ್ಣಗಿರುವ ಮೋಡದಲ್ಲಿ ಮಾತ್ರ. ಬೆಚ್ಚನೆಯ ಮೋಡಕ್ಕೆ ಬೇಕಾದದ್ದು ತೇವ ಹೀರುವ ಉಪ್ಪಿನ ಕಣ. ಮೋಡ ಯಾವ ಜಾತಿಯದು ಎಂದು ಕೇಳದೆ ಬಿತ್ತುವಂತಿಲ್ಲ.

ಕರಡಿನ ಆ ಸಾಲನ್ನು ನಾನು ಅಳಿಸಲಿಲ್ಲ. ಮುಂದೆ ‘ಚಳಿನಾಡಿನ ಚಳಿಗಾಲದಲ್ಲಿ’ ಎಂದು ಸೇರಿಸಿ, ‘ಎಲ್ಲ’ವನ್ನು ‘ಬಹುಪಾಲು’ ಮಾಡಿ ಮತ್ತೆ ತೋರಿಸಿದೆ. ಮಾರ್ಗದರ್ಶಕರು ಈ ಸಲ ಗೆರೆ ಎಳೆದದ್ದು ‘ಮಂಜು’ ಎಂಬ ಪದದ ಕೆಳಗೆ.