ಬರಿ, ಜೀನ್, ಜಾಲ: ವಿರಳ ರೋಗಗಳ ಹುಡುಕಾಟದಲ್ಲಿ ತುಳುನಾಡಿನ ನಂಟಸ್ತಿಕೆ

1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ನಡೆಯಲಾರದವರು ಹಲವರು ಕಾಣಿಸಿಕೊಂಡಾಗ ಮೊದಲ ಅನುಮಾನ ಹೋದದ್ದು ಗದ್ದೆಯ ಏಡಿಯ ಮೇಲೆ. ಭತ್ತಕ್ಕೆ ಹೊಡೆದ ಕೀಟನಾಶಕ ಏಡಿಯ ಮೂಲಕ ಬಡವರ ಹೊಟ್ಟೆ ಸೇರಿತೆಂಬ ವಾದಕ್ಕೆ ಆಗ ಬಲವಿತ್ತು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಲೇಖನ ಆ ರೋಗವನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆಯಿತು. ಮುಂದೆ ವಂಶಾವಳಿಗಳನ್ನು ಬರೆದು ನೋಡಿದಾಗ, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಪ್ರಬಲ ಅನುವಂಶೀಯತೆಯ ಜಾಡು ಸಿಕ್ಕಿತು.

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ ವಿಷವೋ ವಂಶವೋ ಎಂಬ ಇದೇ ಪ್ರಶ್ನೆ ತಿರುವುಮುರುವಾಗಿ ಎದುರಾಗುತ್ತದೆ. ಗೇರು ತೋಪುಗಳಿಗೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಅಲ್ಲಿಯ ನೋವಿನ ಕಥೆ. ಆ ವಿಷವನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಅಂಥ ಊರಿನಲ್ಲಿ ವಿರಳ ಜೀನ್ ರೋಗವಿರುವ ಮಗುವೊಂದು ಹುಟ್ಟಿದರೆ ಅದು ವಿಷದ ನೆರಳಿನಲ್ಲೇ ಮರೆಯಾಗಿ ಉಳಿಯಬಹುದು. ಒಂದೊಂದು ಜೀನನ್ನು ಬಿಡಿಯಾಗಿ ನೋಡುವ ಪದ್ಧತಿ ಇಲ್ಲಿ ಹೆಚ್ಚು ದೂರ ಒಯ್ಯುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಜೀನುಗಳ ಜಾಲವನ್ನು ನಂಟಸ್ತಿಕೆಯ ಜಾಲದ ಜೊತೆಗಿಟ್ಟು ಓದಬೇಕೆಂಬುದು ಈ ಲೇಖನದ ವಾದ.

ಜೀನುಗಳ ಜಾಲವೆಂದರೆ, ಪ್ರೋಟೀನುಗಳು ಗಂಟುಗಳು, ಅವು ಒಂದನ್ನೊಂದು ಮುಟ್ಟಿ ಕೆಲಸ ಮಾಡುವ ಸಂಬಂಧಗಳು ಎಳೆಗಳು. ಈ ಕೆಲಸದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ತಂಡ ಜಾನ್ಸ್ ಹಾಪ್‌ಕಿನ್ಸ್‌ನವರೊಡನೆ ಸೇರಿ, ಪ್ರಕಟಿತ ಪ್ರಬಂಧಗಳನ್ನು ಒಂದೊಂದಾಗಿ ಓದಿ, 2003ರಲ್ಲಿ ಮಾನವ ಪ್ರೋಟೀನುಗಳ ಆಕರಕೋಶವನ್ನು ಹೊರತಂದಿತು. 2006ರಲ್ಲಿ ಅದೇ ಬಳಗ, ಒಂದೇ ಬಗೆಯ ಅನುವಂಶೀಯ ರೋಗಗಳಿಗೆ ಕಾರಣವಾದ ಪ್ರೋಟೀನುಗಳು ಪರಸ್ಪರ ನೆಂಟರಾಗಿರುವ ಸಂಭವ ಹೆಚ್ಚೆಂದು ತೋರಿಸಿತು. ಮರುವರ್ಷ ಅಮೆರಿಕದ ಬರಬಾಶಿ ಮತ್ತು ಸಂಗಡಿಗರು 1,284 ರೋಗಗಳನ್ನೂ 1,777 ಜೀನುಗಳನ್ನೂ ಜೋಡಿಸಿದಾಗ 867 ರೋಗಗಳು ಇನ್ನೊಂದಾದರೂ ರೋಗದೊಡನೆ ಜೀನ್ ಹಂಚಿಕೊಂಡಿದ್ದವು. ಅವುಗಳಲ್ಲಿ 516 ಒಂದೇ ದೊಡ್ಡ ಗೊಂಚಲಾಗಿದ್ದವು. 2021ರ ಒಂದು ಅಧ್ಯಯನ 3,771 ವಿರಳ ರೋಗಗಳನ್ನು 46 ಪದರಗಳ ಜಾಲದಲ್ಲಿಟ್ಟು ಪರೀಕ್ಷಿಸಿತು.

ಲೆಕ್ಕದ ಕ್ರಮ ಇಲ್ಲಿಯ ರಸ್ತೆ ಬಲ್ಲವರಿಗೆ ಸುಲಭ. ಒಬ್ಬಾತ ಗುರುವಾಯನಕೆರೆಯಿಂದ ಹೊರಟು, ಪ್ರತಿ ಕವಲಿನಲ್ಲೂ ಕಣ್ಣುಮುಚ್ಚಿ ಒಂದು ದಾರಿ ಹಿಡಿಯುತ್ತಾನೆ, ಆಗಾಗ ಹೊರಟಲ್ಲಿಗೇ ಮರಳುತ್ತಾನೆ ಎನ್ನಿ. ಸಾವಿರ ಸಲ ಹೀಗೆ ಅಲೆದ ಮೇಲೆ ಅವನ ಹೆಜ್ಜೆ ಹೆಚ್ಚು ಬಿದ್ದ ಊರುಗಳು ಗುರುವಾಯನಕೆರೆಗೆ ನಿಜವಾಗಿ ಹತ್ತಿರದವು. ಗೊತ್ತಿರುವ ರೋಗಜೀನು ಇಲ್ಲಿ ಹೊರಡುವ ಊರು. ಮಗುವಿನ ಜೀನ್ ಪರೀಕ್ಷೆಯಲ್ಲಿ ಸಿಕ್ಕ ನೂರಾರು ಶಂಕಿತ ಬದಲಾವಣೆಗಳಲ್ಲಿ ಯಾವುದನ್ನು ಮೊದಲು ನೋಡಬೇಕೆಂಬುದನ್ನು ಈ ಹೆಜ್ಜೆಗಳ ಎಣಿಕೆ ಹೇಳುತ್ತದೆ. ತೊಡಕೂ ಇಲ್ಲೇ ಇದೆ. ಎಲ್ಲಿಂದ ಹೊರಟರೂ ಅಲೆಮಾರಿ ಬಿ.ಸಿ.ರೋಡಿಗೆ ಬಂದೇ ಬರುತ್ತಾನೆ, ಏಕೆಂದರೆ ಅಲ್ಲಿ ದಾರಿಗಳು ಹೆಚ್ಚು. ಬಹಳ ಅಧ್ಯಯನವಾದ ಜೀನುಗಳು ಜಾಲದ ಬಿ.ಸಿ.ರೋಡುಗಳು, ಯಾರೂ ತಿರುಗಿ ನೋಡದ ಜೀನು ಎಳೆಗಳಿಲ್ಲದೆ ಮೂಲೆಗೆ ಬೀಳುತ್ತದೆ. ವಿರಳ ರೋಗದ ಕಾರಣ ಆ ಮೂಲೆಯಲ್ಲೂ ಇರಬಹುದು.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಬಲ್ಲದ್ದು ನಂಟಸ್ತಿಕೆಯ ಎಳೆಯಾದ ಬರಿ, ಎಂದರೆ ತಾಯಿಯ ಕಡೆಯಿಂದ ಎಣಿಸುವ ಕುಲ. ಅಳಿಯಸಂತಾನ ಕಟ್ಟಿನ ಬಂಟ, ಬಿಲ್ಲವ, ಮೊಗವೀರ, ಜೈನ ಕುಟುಂಬಗಳಲ್ಲಿ ಮಗು ತಾಯಿಯ ಬರಿಗೆ ಸೇರುತ್ತದೆ. ಒಂದೇ ಬರಿಯೊಳಗೆ ಮದುವೆಯಿಲ್ಲ. ಅನುವಂಶೀಯತೆಯ ದೃಷ್ಟಿಯಿಂದ ಈ ನಿಯಮ ಕುತೂಹಲದ್ದು. ಅಕ್ಕನ ಮಗಳು ಸೋದರಮಾವನ ಬರಿಯವಳೇ ಆದ್ದರಿಂದ ಅವರ ಮದುವೆ ನಿಷಿದ್ಧ. ಗೋತ್ರ ತಂದೆಯಿಂದ ಬರುವಲ್ಲಿ ಆ ತಡೆ ತಾನಾಗಿ ಬರುವುದಿಲ್ಲ. ಘಟ್ಟದ ಮೇಲೆ ಅಂಥ ಮದುವೆ ಅನೇಕರಲ್ಲಿ ವಾಡಿಕೆಯಾಗಿತ್ತು. ಸೋದರಮಾವ ಮತ್ತು ಅಕ್ಕನ ಮಗಳ ಮಗುವಿನಲ್ಲಿ ಒಂದು ಜೀನಿನ ಎರಡು ಪ್ರತಿಗಳೂ ಒಂದೇ ಪೂರ್ವಜರಿಂದ ಬಂದಿರುವ ಸಂಭವ 1/8. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾದರೆ ಅದು 1/16. ಈ ಎರಡಕ್ಕೂ ಬರಿ ಅಡ್ಡಿಯಲ್ಲ. ಹೀಗಾಗಿ ಬಾಲ್ಯದಲ್ಲೇ ಬೆರಳ ಗೆಣ್ಣು ದಪ್ಪವಾಗಿ, ರಕ್ತದಲ್ಲಿ ಉರಿಯೂತದ ಸುಳಿವಿಲ್ಲದೆ ಕೀಲು ಬಿಗಿಯುವ, ಸಿಸಿಎನ್6 ಜೀನಿನ ಎರಡೂ ಪ್ರತಿ ಕೆಟ್ಟರಷ್ಟೇ ಬರುವಂಥ ರೋಗಗಳಿಗೆ ದಾರಿ ಪೂರ್ತಿ ಮುಚ್ಚಿಲ್ಲ.

ಎಕ್ಸ್ ವರ್ಣತಂತುವಿನ ವಿಚಾರ ಇನ್ನೂ ಸ್ವಾರಸ್ಯದ್ದು. ಹಿಮೋಫಿಲಿಯಾ ಹೊತ್ತ ಹೆಂಗಸಿನ ಪ್ರತಿ ಹೆಣ್ಣುಮಗುವೂ ವಾಹಕಿಯಾಗುವ ಸಂಭವ ಅರ್ಧ, ಮತ್ತು ಆ ಮಗು ಅದೇ ಬರಿಯದು. ಹಾಗಾಗಿ ರೋಗ ತಲೆಮಾರುಗಟ್ಟಲೆ ಒಂದೇ ಬರಿಯ ಹೆಂಗಸರಲ್ಲಿ ಸದ್ದಿಲ್ಲದೆ ಉಳಿಯಬಲ್ಲದು. ಅದು ಬರಿಯ ಹೊಸಿಲು ದಾಟುವುದು ರೋಗವುಳ್ಳ ಗಂಡಸಿನ ಮೂಲಕ: ಅವನ ಹೆಣ್ಣುಮಕ್ಕಳೆಲ್ಲ ವಾಹಕಿಯರು, ಆದರೆ ಹೆಂಡತಿಯ ಬರಿಯವರು. ಅವರಲ್ಲೊಬ್ಬಳನ್ನು ಅವನ ಅಕ್ಕನ ಮಗ ಮದುವೆಯಾದರೆ ರೋಗ ಮೊದಲ ಬರಿಯವನ ಮನೆಗೇ ಮರಳುತ್ತದೆ. ಆ ಅಳಿಯನಿಗೂ ರೋಗವಿದ್ದರೆ ಹೆಣ್ಣುಮಕ್ಕಳಿಗೂ ಅದು ಬರಬಹುದು. ಎಕ್ಸ್ ವರ್ಣತಂತುವಿನ ಜೀನುಗಳ ಮಟ್ಟಿಗೆ ಮಾವನ ಮಗಳ ಮದುವೆಯಲ್ಲಿ ಹುಟ್ಟಿದ ಹೆಣ್ಣುಮಗುವಿನಲ್ಲಿ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬಂದಿರುವ ಸಂಭವ 1/8. ಅತ್ತೆಯ ಮಗಳ ಮದುವೆಯಲ್ಲಿ ಸೊನ್ನೆ. ಎರಡನ್ನೂ 'ಸೋದರಿಕೆ' ಎಂಬ ಒಂದೇ ಖಾನೆಯಲ್ಲಿ ಬರೆದುಕೊಳ್ಳುವ ಆಸ್ಪತ್ರೆಯ ಅರ್ಜಿ ಈ ಭೇದವನ್ನು ಅಳಿಸಿಹಾಕುತ್ತದೆ. ತರವಾಡು ಎಂಬ ಕುಟುಂಬದ ಮೂಲಮನೆಯ ಅಜ್ಜಿಗೆ ಆ ಗೊಂದಲ ಇರುವುದಿಲ್ಲ.

ಆದರೂ ಬರಿಯ ಹೆಸರನ್ನೇ ರಕ್ತಸಂಬಂಧದ ಪುರಾವೆ ಎಂದು ಎಣಿಸಬಾರದು. ಸಾಲ್ಯಾನ್, ಬಂಗೇರದಂಥ ಹೆಸರುಗಳು ಒಂದಕ್ಕಿಂತ ಹೆಚ್ಚು ಜಾತಿಗಳಲ್ಲಿವೆ. ಹೆಣ್ಣುಸಂತಾನ ನಿಂತುಹೋದ ಮನೆಗಳು ಹೆಣ್ಣುಮಗುವನ್ನು ದತ್ತು ತಂದು ಬರಿ ಮುಂದುವರಿಸಿದ್ದೂ ಉಂಟು. ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯದ ಡಿಎನ್ಎ ಪರೀಕ್ಷಿಸಿ ಬರಿಯ ಎಳೆ ಎಲ್ಲಿ ನಿಜ, ಎಲ್ಲಿ ಹೆಸರು ಮಾತ್ರ ಎಂದು ತಿಳಿಯಬಹುದು. ಇನ್ನೊಂದು ಎಚ್ಚರಿಕೆಯೂ ಬೇಕು: ಊರು, ಬರಿ, ರೋಗ ಮೂರನ್ನೂ ಒಟ್ಟಿಗೆ ಅಚ್ಚುಹಾಕಿದರೆ ಮನೆ ಯಾವುದೆಂದು ವೇಣೂರಿನ ಯಾವ ಅಂಗಡಿಯಲ್ಲಾದರೂ ಹೇಳಿಯಾರು. ಬರಿಗಳನ್ನು ಸಂಕೇತಾಕ್ಷರಗಳಲ್ಲಿ ಬರೆದು, ಕೀಲಿಯನ್ನು ಬೇರೆ ಕಡೆ ಇಡಬೇಕು.

ಕೊಕ್ಕಡದ ಮಗುವಿಗೆ ಮರಳಿದರೆ, ಅಲ್ಲಿ ವಂಶಾವಳಿಯ ಪದರದ ಮೇಲೆ ಸಿಂಪಡಣೆಯ ವರ್ಷ, ತೋಪಿನಿಂದ ಮನೆಗಿರುವ ದೂರ, ಕುಡಿಯುವ ನೀರಿನ ಮೂಲ ಎಂಬ ಇನ್ನೊಂದು ಪದರ ಹಾಸಬೇಕಾಗುತ್ತದೆ. ರೋಗ ಬರಿಯ ಎಳೆ ಹಿಡಿದು ತೋಪಿಲ್ಲದ ಊರಿನ ನೆಂಟರಲ್ಲೂ ಕಂಡರೆ ಜೀನಿನ ಕಡೆ, ನೆಂಟರಲ್ಲದ ನೆರೆಮನೆಗಳಲ್ಲಿ ಕಂಡರೆ ವಿಷದ ಕಡೆ ತೂಕ ವಾಲುತ್ತದೆ. ಜೀನು ಸಿಕ್ಕಿತೆಂದು ಎಂಡೋಸಲ್ಫಾನ್ ಪೀಡಿತರ ಲೆಕ್ಕದಲ್ಲಿ ಆ ಮಗುವಿಗೆ ಸಿಗುವ ಮಾಸಾಶನ ನಿಲ್ಲಿಸಲು ಈ ಲೆಕ್ಕವನ್ನು ಬಳಸುವವರೂ ಹುಟ್ಟಿಕೊಂಡಾರು. ಒಂದೇ ದೇಹದಲ್ಲಿ ಎರಡೂ ಕಾರಣಗಳು ಕೂಡಿ ಇರಲಾರವೆಂದು ಯಾವ ಜಾಲವೂ ಹೇಳುವುದಿಲ್ಲ.